ಹೊಸಂಗಡಿಯಲ್ಲಿ ಒಂದು ಬ್ರೇಕು

ಎಚ್ ಹಾಕುವ ಮೈದಾನದಲ್ಲಿ ಕಂಬಗಳಿವೆ.
ಕಬ್ಬಿಣದ ಕಂಬ, ನೆತ್ತಿಗೆ ಕೆಂಪು ರಿಬ್ಬನು,
ತಾಗಿದರೆ ಫೇಲು.
ಆದರೆ ಕಂಬ ಅರ್ಧ ದಾರಿಗೆ ಬಂದು
ಮತ್ತೆ ಹಿಂದೆ ಓಡುವುದಿಲ್ಲ,
ಚಪ್ಪಲಿ ಜಾರಿತೆಂದು ಬಗ್ಗುವುದಿಲ್ಲ,
ಆಚೆ ಬದಿಯ ಬಸ್ಸಿಗೆ ಕೈ ಮಾಡುತ್ತಾ
ಈಚೆಯ ಲಾರಿಯನ್ನು ಮರೆಯುವುದಿಲ್ಲ.

ಅದೆಲ್ಲ ಮಾಡಿದವಳು ನಾನು.
ಹದಿನಾರು ವರ್ಷ ಆಶಾ ಕೆಲಸ,
ಹೆಗಲಲ್ಲಿ ಲಸಿಕೆಯ ಪೆಟ್ಟಿಗೆ,
ಒಳಗೆ ಮಂಜುಗಡ್ಡೆ ಕರಗುತ್ತಾ,
ಹೊರಗೆ ನಾನು ಎಣಿಸುತ್ತಾ:
ಮೀನಿನ ಲಾರಿ, ಗ್ಯಾಸಿನ ಟ್ಯಾಂಕರು, ಮತ್ತೊಂದು ಟ್ಯಾಂಕರು,
ಮಂಗಳೂರಿಗೆ ಹಾರುವ ಆಂಬುಲೆನ್ಸು
(ಅದರ ಮೇಲೆ ಮಾತ್ರ ಸಿಟ್ಟಿಲ್ಲ).

ಲರ್ನರ್ಸಿನ ದಿನ ಪ್ರಶ್ನೆ ಬಂದಿತ್ತು,
ಪಟ್ಟಿಯ ಮೇಲೆ ಯಾರಿಗೆ ಮೊದಲು?
ನಡೆಯುವವರಿಗೆ, ಎಂದು ಒತ್ತಿದೆ.
ಸರಿ, ಎಂದಿತು ಕಂಪ್ಯೂಟರು.
ಯಾವ ಊರಿನ ಕಂಪ್ಯೂಟರೋ.

"ಯಮುನಕ್ಕ, ಕ್ಲಚ್ಚು" ಎನ್ನುತ್ತಾನೆ ಅಂದುಞ್ಞಿ.
ಅವನ ಕಾಲಡಿಯಲ್ಲೂ ಒಂದು ಬ್ರೇಕುಂಟು,
ನನಗಿಂತ ಮೊದಲು ಹೆದರುವ ಬ್ರೇಕು.
ಸರ್ವೀಸ್ ರಸ್ತೆಯಲ್ಲಿ ಬಿಳಿ ಪಟ್ಟಿ ಬಂತು,
ಟಯರುಗಳು ತಿಂದು ಉಳಿಸಿದ್ದು.
ಅಂಚಿನಲ್ಲಿ ಲಾಟರಿ ಮಾರುವವನೊಬ್ಬ,
ಒಂದು ಕಾಲು ತುಸು ಗಿಡ್ಡ,
ಎದೆಯ ಹಲಗೆಯಲ್ಲಿ ಟಿಕೇಟುಗಳು ಪಟಪಟ.

ನಾನೇ ಒತ್ತಿದೆ. ಅಂದುಞ್ಞಿಯ ಕಾಲಲ್ಲ, ನನ್ನದೇ.
ಗಾಡಿ ನಿಂತಿತು, ಎಂಜಿನ್ನೂ ನಿಂತಿತು.

ಅವನು ದಾಟಲಿಲ್ಲ.
ಕೈ ಬೀಸಿದ: ನೀವು ಹೋಗಿ.
ನಾನು ಬೀಸಿದೆ: ನೀವು.
ಮತ್ತೆ ಅವನು. ಮತ್ತೆ ನಾನು.
ಹಿಂದಿನ ಜೀಪಿನವನು ನನ್ನ ತಾಯಿಯನ್ನು ನೆನೆದ,
ಮಲಯಾಳದಲ್ಲಿ.

ಕೊನೆಗೆ ಕುಂಟುತ್ತಾ ಬಂದ,
ಆಚೆಗಲ್ಲ, ನನ್ನ ಕಿಟಕಿಗೆ.
"ಯಾವ ನಂಬ್ರ ಬೇಕು ಅಕ್ಕಾ?
ಏಳರಲ್ಲಿ ಮುಗಿಯುವುದು ಎರಡೇ ಉಂಟು."

"ಟಿಕೇಟಿಗಲ್ಲ ಮಾರಾಯ್ರೆ,
ನೀವು ದಾಟಲಿ ಅಂತ ನಿಲ್ಲಿಸಿದ್ದು."

ಅವನು ನನ್ನ ಮುಖ ನೋಡಿದ,
ಬಾನೆಟ್ಟಿನ ಕೆಂಪು 'ಎಲ್' ನೋಡಿದ,
"ಓ, ಕಲಿಯುವುದಾ" ಎಂದ,
ಕಲಿತ ಮೇಲೆ ಈ ಕಾಯಿಲೆ
ತಾನಾಗಿ ವಾಸಿಯಾಗುತ್ತದೆ ಎಂಬಂತೆ.

ಆಮೇಲೆ ದಾಟಿದ.
ಎಂಜಿನು ಆರಿದ ಗಾಡಿಯ ಕಡೆಗೂ
ಅಂಗೈ ಒಡ್ಡಿಕೊಂಡೇ.
ಆ ಅಂಗೈ ನನಗೆ ಗೊತ್ತು.

"ಸ್ಟಾರ್ಟ್ ಮಾಡಿ" ಎಂದ ಅಂದುಞ್ಞಿ,
"ನಾಳೆ ಏಳು ಗಂಟೆಗೆ ಎಚ್.
ಅಲ್ಲಿ ಯಾರೂ ಅಡ್ಡ ಬರುವುದಿಲ್ಲ."