ಬಲೆ ಹರಿಯುವ ಜಾಗಗಳು

ಬೈತಖೋಲಿನ ಗಾಳಿಗೆ ಉಪ್ಪು ಜಾಸ್ತಿ.
ನನ್ನ ಅಂಗಡಿಯ ಷಟರು ವರ್ಷಕ್ಕೊಮ್ಮೆ
ತುಕ್ಕಿನ ಪೊರೆ ಕಳಚುತ್ತದೆ.

"ಯಾವುದು ಗಟ್ಟಿ, ಬಾಯಿ?" ಎಂದು ಕೇಳಿದ
ಗಜಾನನ ಬಾನಾವಳಿ, ಟ್ರಾಲ್ ಬೋಟಿನ ತಾಂಡೇಲ,
ಪ್ಲಾಟರಿನಿಂದ ಕಿತ್ತ ಉಗುರಿನಷ್ಟು ಕಾರ್ಡನ್ನು
ಬೀಡಿ ಕಟ್ಟಿನ ಕಾಗದದಲ್ಲಿ ಸುತ್ತಿ ತಂದು.

ಗಟ್ಟಿ ಅಂದರೆ?
ಸತ್ತ ಹಾರ್ಡ್ ಡಿಸ್ಕೊಂದನ್ನು ಬಿಚ್ಚಿ ತೋರಿಸಿದೆ.
ಒಳಗೆ ಕನ್ನಡಿಯಂಥ ತಟ್ಟೆ, ನಿಮಿಷಕ್ಕೆ ಏಳು ಸಾವಿರ ಸುತ್ತು,
ಮೇಲೊಂದು ಸೂಜಿ. ಓದುತ್ತದೆ, ಮುಟ್ಟುವುದಿಲ್ಲ,
ಅಲೆಯ ನೆತ್ತಿಗೆ ತಾಗದೆ ಹಾರುವ ಕಡಲಹಕ್ಕಿ.
ಮುಟ್ಟಿತೋ, ಮುಗಿಯಿತು.
ಆದರೂ ಇದು ಹೇಳಿ ಸಾಯುವ ಜಾತಿ:
ಟಕ್, ಟಕ್, ಟಕ್ ಎಂದು ಎರಡು ದಿನ
ಒಳಗಿನಿಂದ ಬಾಗಿಲು ಬಡಿಯುತ್ತದೆ.
ನಿನ್ನ ಇಂಜಿನ್ನಿನ ಪಕ್ಕ ಇದು ಬದುಕದು.

ಎಸ್ಸೆಸ್ಡಿಯಲ್ಲಿ ತಿರುಗುವುದು ಏನೂ ಇಲ್ಲ.
ಕುಲುಕಿದರೂ ಬೀಳಿಸಿದರೂ ಜಪ್ಪಯ್ಯ ಎನ್ನದು.
ಹೋಗುವ ದಿನ ಮಾತ್ರ
ಬೆಳಗ್ಗೆ ಇದ್ದದ್ದು ಮಧ್ಯಾಹ್ನಕ್ಕಿಲ್ಲ, ಒಂದು ಕೆಮ್ಮೂ ಇಲ್ಲದೆ.
ಕರೆಂಟು ಕಾಣಿಸದೆ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟರೆ
ತುಂಬಿಟ್ಟದ್ದು ಮೆಲ್ಲಗೆ ಸೋರುತ್ತದಂತೆ.

ಸೀಡಿಯ ಮಾತೇ ಬೇಡ.
ನಿನ್ನ ಅತ್ತಿಗೆ ಒಣಮೀನಿನ ಚಪ್ಪರಕ್ಕೆ ಹನ್ನೊಂದು ಕಟ್ಟಿದ್ದಾಳೆ,
ಗಾಳಿಗೆ ತಿರುಗಿ ಮಿಂಚುತ್ತವೆ, ಕಾಗೆ ಸುಳಿಯುವುದಿಲ್ಲ.
ಯಾರದೋ ಮದುವೆ, ಯಾರದೋ ಬಾರಸೆ
ಬಂಗಡೆಯ ಕಾವಲಿಗೆ.

ಪೆನ್ ಡ್ರೈವು ಒಗೆಯುವ ಕಲ್ಲಿನಿಂದಲೂ ಎದ್ದು ಬಂದದ್ದುಂಟು.
ಅಕ್ಕಿ ಡಬ್ಬಿಯಲ್ಲಿ ಹೂಳಬೇಡಿ ಎಂದು ಎಷ್ಟು ಸಲ ಹೇಳಲಿ,
ಕಡಲು ಕುಡಿದದ್ದನ್ನು ಮೊದಲು ಸಿಹಿನೀರಿನಲ್ಲಿ ತೊಳೆಯಬೇಕು.

ಅವನ ಕಾರ್ಡಿನ ಹಲ್ಲುಗಳಿಗೆ ಹಸಿರು ಹಿಡಿದಿತ್ತು.
ರಬ್ಬರಿನಿಂದ ಉಜ್ಜಿ, ಸ್ಪಿರಿಟ್ಟು ಸವರಿ,
ಮೂರನೇ ಸಲಕ್ಕೆ ಕಣ್ಣು ಬಿಟ್ಟಿತು.
"ಮೀನಿನ ಜಾಗ ಹೋದರೆ ಹೋಗಲಿ" ಎಂದ,
"ಮೀನು ಒಂದು ಕಡೆ ನಿಲ್ಲುತ್ತದೆಯೇ?
ಬಲೆ ಹರಿಯುವ ಜಾಗ ಬೇಕು ನನಗೆ.
ಕಲ್ಲು ನಿಂತಲ್ಲೇ ಇರುತ್ತದೆ."

ಬಂದವು. ದೇವಗಡದ ದೀಪದಿಂದ ಪಡುವಕ್ಕೆ
ಇನ್ನೂರ ಆರು ಗುರುತು.
ಕೆಲವಕ್ಕೆ ತಲೆಬುರುಡೆಯ ಚಿತ್ರ, ಕೆಲವಕ್ಕೆ ಹೆಸರು:
ದೊಡ್ಡ ಕಲ್ಲು. ಮುರಿದ ಲಂಗರು. ಎರಡು ಬಲೆ ಹೋದದ್ದು.
ರೋಹಿದಾಸ.

ಅವನ ಬೆರಳು ಪರದೆಯ ಮೇಲೆ ನಿಂತಿತು, ಮುಟ್ಟಲಿಲ್ಲ.
"ಇದನ್ನು ನಾನೇ ಅಳಿಸಿದ್ದೆನಲ್ಲ. ಎರಡು ಸಲ."

ಅಳಿಸಿದರೆ ಹೋಗುವುದು ವಿಳಾಸ ಮಾತ್ರ ಎಂದೆ,
ಅದೇ ಜಾಗದಲ್ಲಿ ಇನ್ನೊಂದನ್ನು ಬರೆಯುವ ತನಕ
ಇದ್ದದ್ದು ಇದ್ದೇ ಇರುತ್ತದೆ.
ಅಂಗಡಿಯವಳ ಮಾತು, ದಿನಕ್ಕೆ ಹತ್ತು ಸಲ ಆಡುವಂಥದ್ದು.
ಅವತ್ತು ಆಡಿದ ಮೇಲೆ ಫ್ಯಾನಿನ ಸದ್ದು ಕೇಳಿಸಿತು.

ತೆಗೆಯಲೇ?

ಹೊರಗೆ ಐಸಿನ ಲಾರಿ ರಿವರ್ಸು ಬರುತ್ತಿತ್ತು.
"ಎಷ್ಟು ಮಾರು ಆಳ ಅಂತ ಇದೆ ನೋಡು" ಎಂದ.
ಹದಿನೆಂಟು.
"ಹ್ಞಾಂ. ಇರಲಿ."

ಎರಡು ಪ್ರತಿ ಮಾಡಿಸಿಕೊಂಡ. ಒಂದು ಹೊಸ ಕಾರ್ಡಿಗೆ,
ಇನ್ನೊಂದು ಇದ್ದುದರಲ್ಲೇ ಅಗ್ಗದ ಪೆನ್ ಡ್ರೈವಿಗೆ.
ಅದನ್ನು ಬೋಟಿನ ಕೀಲಿಯ ಜೊತೆ ಉಡಿದಾರಕ್ಕೆ ಪೋಣಿಸಿ
ಅಂಗಿ ಇಳಿಬಿಟ್ಟು,
"ಗಟ್ಟಿ ಯಾವುದು ಅಂತ ಹೇಳಲೇ ಇಲ್ಲ ನೀನು" ಎನ್ನುತ್ತ
ಬಾಗಿಲಲ್ಲಿ ಚಪ್ಪಲಿ ಹುಡುಕಿದ.