ಹನ್ನೊಂದು ಕಿಲೊ ಹೆಚ್ಚು

ಮೀನು ತೂಗುವ ಕೊಕ್ಕೆತಕ್ಕಡಿಯನ್ನು
ಬಾಗಿಲ ಚೌಕಟ್ಟಿಗೆ ನೇತುಹಾಕಿ
ಕೂನೂ ಒಂದೊಂದೇ ಚೀಲ ಸಿಕ್ಕಿಸುತ್ತಾನೆ,
ನಾನು ಬರೆದುಕೊಳ್ಳುತ್ತೇನೆ
ಶಾಲೆಯ ಹಳೇ ಹಾಜರಿಪುಸ್ತಕದ ಹಿಂಬದಿಯಲ್ಲಿ.
ಗುಡಾರ, ನಾಲ್ಕೂವರೆ. ಒಲೆ, ಸೀಮೆಎಣ್ಣೆ, ಆರು.
ಕರಡಿಗೆಂದು ಬಂದೂಕು, ತೋಟಾ, ಐದು ಚಿಲ್ಲರೆ.
ಹೊರಗೆ ಮೇ ತಿಂಗಳ ಸೂರ್ಯ
ಮುಳುಗುವುದನ್ನು ಮರೆತು ಹತ್ತು ದಿನವಾಯಿತು.
ಗಡಿಯಾರ ರಾತ್ರಿ ಹನ್ನೊಂದು ಎನ್ನುತ್ತದೆ,
ಬೀದಿಯ ಮಕ್ಕಳು ಒಪ್ಪುವುದಿಲ್ಲ.

ವಿಮಾನದ ಥಿಬೋ ಫೋನಿನಲ್ಲಿ ಹೇಳಿದ್ದಾನೆ:
ಇಬ್ಬರು ಮನುಷ್ಯರು, ಮೇಲೆ ತೊಂಬತ್ತು ಕಿಲೊ.
ತೊಂಬತ್ತೊಂದನೆಯದು ರನ್‌ವೇಯಲ್ಲೇ ಉಳಿಯುತ್ತದೆ.
"ನೀನು ಸ್ವಲ್ಪ ಕಡಿಮೆ ತಿನ್ನು ಅತ್ತೆ"
ಅನ್ನುತ್ತಾನೆ ಕೂನೂ, ಮೂರನೇ ರೊಟ್ಟಿ ಮುರಿಯುತ್ತ.

ಉದ್ಯಾನ ಎನ್ನುತ್ತದೆ ಸರ್ಕಾರದ ನಕಾಶೆ.
ಹೂಪಾತಿಯಿಲ್ಲ, ಬೆಂಚಿಲ್ಲ, ಮಾಲಿಯಿಲ್ಲ.
ಅಲ್ಲಿಯ ಅತಿ ಎತ್ತರದ ಮರ
ನನ್ನ ಕಿರುಬೆರಳಷ್ಟು, ಅದೂ ಮಲಗಿಕೊಂಡೇ ಬೆಳೆಯುವುದು.
ಹಿಮನದಿಗಳಿಗೆ ನಂಬರು ಕೊಟ್ಟಿದ್ದಾರೆ.
ಅಜ್ಜಿ ಉಲಾಯುಕ್‌ಗೆ ಅದು "ನಾವು ಇದ್ದಲ್ಲಿ", ಅಷ್ಟೆ.
ಹಡಗು ಬಂದ ವರ್ಷ
ಎಲ್ಲರನ್ನೂ ಹತ್ತಿಸಿ, ಎದೆಯ ಫೋಟೊ ತೆಗೆದು,
ಇಲ್ಲಿ, ಈ ಸಾಲುಮನೆಗಳ ಮುಂದೆ ಇಳಿಸಿದರು.
ಹತ್ತುವ ಗಡಿಬಿಡಿಯಲ್ಲಿ ಕಲ್ಲಿನ ದೀಪ ಬಿದ್ದು ಎರಡಾಯಿತು.
ಒಂದು ಹೋಳು ಅವಳ ಮಡಿಲಲ್ಲಿ ಬಂತು.
ಇನ್ನೊಂದು, ಸಾಯುವತನಕ ಹೇಳುತ್ತಿದ್ದಳು,
ಬಾಗಿಲ ಬಲಕ್ಕೆ, ತಿಮಿಂಗಿಲದ ಪಕ್ಕೆಲುಬಿನ ಕೆಳಗೆ.

ಆ ಮಡಿಲ ಹೋಳು ಈಗ ಕೊಕ್ಕೆಯಲ್ಲಿ ತೂಗುತ್ತಿದೆ.
ಹನ್ನೊಂದು ಕಿಲೊ.
ಮುಳ್ಳು ನಿಂತಿತು. ನಾವಿಬ್ಬರೂ ನಿಂತೆವು.
ಲೆಕ್ಕ ಆಗಲೇ ತೊಂಬತ್ತು ಮುಟ್ಟಿಯಾಗಿದೆ.

ಏನು ಬಿಡೋಣ?
ಎಂಟು ದಿನದ ಊಟ ಬಿಡುವಂತಿಲ್ಲ.
ಮಂಜು ಕವಿದು ವಿಮಾನ ಬಾರದಿದ್ದರೆ ಎಂದು
ಕಟ್ಟಿದ ನಾಲ್ಕು ದಿನದ ಬುತ್ತಿ
ಸರಿಯಾಗಿ ಹನ್ನೊಂದು. ಕೂನೂ ಮಾತಾಡದೆ
ಆ ಚೀಲವನ್ನು ಕಾಲಿನಿಂದ ಗೋಡೆಯತ್ತ ತಳ್ಳಿದ.
ಹದಿನೇಳರ ಹುಡುಗನಿಗೆ ಹಸಿವೆಂದರೆ ಮಧ್ಯಾಹ್ನ.
ಅಜ್ಜಿಗೆ ಅದು ಮೂವರ ಹೆಸರಾಗಿತ್ತು,
ಒಂದೇ ವಸಂತದಲ್ಲಿ ಹೋದವರ ಹೆಸರು.
ನಾನು ಚೀಲವನ್ನು ವಾಪಸು ಎಳೆದೆ.

ಬೆಳಿಗ್ಗೆ ಉದ್ಯಾನದ ಕಚೇರಿ.
ನನ್ನ ಜೊತೆ ಓದಿದ ಪಿಟಾಲೂಸಿ, ಸಮವಸ್ತ್ರದಲ್ಲಿ,
ಕಣ್ಣೆತ್ತದೆ ನಿಯಮ ಓದುತ್ತಾಳೆ:
ಹಳೆಯ ನೆಲೆಗಳಲ್ಲಿ ಏನನ್ನೂ ಎತ್ತಬಾರದು, ಕದಲಿಸಬಾರದು,
ಮೂಳೆ, ಕಲ್ಲು, ಚೂರು.
ಹೊಳೆಯನ್ನು ನಸುಕಿನಲ್ಲೇ ದಾಟಬೇಕು, ಮಧ್ಯಾಹ್ನ ಉಕ್ಕುತ್ತದೆ.
(ನಸುಕೇ ಆಗದ ಕಾಲದಲ್ಲಿ ಯಾವ ನಸುಕು, ನಾನು ಕೇಳಲಿಲ್ಲ.)
ಹೊರಡುವ ದಿನ ಬರೆ. ಬರೆದೆ.
ಹಿಂತಿರುಗುವ ದಿನ?
"ಆಮಾಯ್" ಅಂದೆ, ಯಾರಿಗೆ ಗೊತ್ತು ಅನ್ನುವ ಹಾಗೆ.
ನಕ್ಕಳು. ಪೆನ್ಸಿಲಿನಲ್ಲಿ ಬರೆ, ಅಂದಳು.
ಆಮೇಲೆ ಮೆತ್ತಗೆ, ಸಮವಸ್ತ್ರ ಕಳಚಿಟ್ಟ ದನಿಯಲ್ಲಿ:
"ಪಕ್ಕೆಲುಬು ಇನ್ನೂ ಇದೆ. ಹೋದ ವರ್ಷ ಕಂಡೆ.
ಕೆಳಗೆ ನೋಡಲಿಲ್ಲ. ನೋಡಬಾರದಲ್ಲ."

ರಾತ್ರಿ, ರಾತ್ರಿಯಲ್ಲದ ರಾತ್ರಿ,
ಬಿಸ್ಕತ್ತಿನ ರಟ್ಟುಡಬ್ಬಿ ಬಿಡಿಸಿ ನೆಲಕ್ಕೆ ಹಾಸಿದೆ.
ಹೋಳನ್ನು ಮೇಲಿಟ್ಟು ಒಡಕಿನುದ್ದಕ್ಕೂ
ಪೆನ್ಸಿಲು ನಡೆಸಿದೆ:
ಇಲ್ಲೊಂದು ಕೊಲ್ಲಿ, ಇಲ್ಲೊಂದು ಮೂಗು,
ನಡುವೆ ಹಾಲುಹಲ್ಲಿನಷ್ಟು ಮುಕ್ಕು.
ಸೀಲ್ ಕೊಬ್ಬಿನ ಕಪ್ಪು ಈಗಲೂ ಬೆರಳಿಗೆ ಹತ್ತುತ್ತದೆ.
ಕೂನೂ ಚಾಕು ತಂದು, ಗೆರೆ ಬಿಡದೆ ಕೊಯ್ದ,
ನಾಲಗೆಯ ತುದಿ ಕಚ್ಚಿಕೊಂಡು,
ಅವಳು ತೊಗಲು ಕೊಯ್ಯುವಾಗ ಕಚ್ಚುತ್ತಿದ್ದಂತೆಯೇ.
ಇವನು ಅವಳನ್ನು ಕಂಡವನಲ್ಲ. ನಾನು ಹೇಳಲಿಲ್ಲ.

ರಟ್ಟನ್ನು ಕೊಕ್ಕೆಗೆ ಸಿಕ್ಕಿಸಿದ.
ಮುಳ್ಳು ಅಲುಗಲಿಲ್ಲ.
"ಪಟ್ಟಿಯಲ್ಲಿ ಏನಂತ ಬರೀತೀಯ ಅತ್ತೆ?"
ದೀಪ, ಅಂದೆ. ಮುಂದೆ ಸೊನ್ನೆ ಹಾಕಿದೆ.

ಜುಲೈಗೆ ಇನ್ನೂ ಏಳು ವಾರ.
ಆಗ ಫೋನು ಬಡಿದುಕೊಂಡಿತು. ಥಿಬೋ.
ಏನೋ ಇಂಧನದ ಲೆಕ್ಕ ತಪ್ಪಿದೆಯಂತೆ,
ಎಂಬತ್ತೈದೇ ಆಗಬಹುದಂತೆ.
ಕೂನೂ ಕೈಯಲ್ಲಿದ್ದ ರೊಟ್ಟಿಯನ್ನು
ಮೆಲ್ಲಗೆ ತಟ್ಟೆಗೆ ವಾಪಸಿಟ್ಟ.