ಮುದ್ರೆ ಬೀಳದ ತೂಕ

ಮೂವತ್ತೊಂದು ವರ್ಷ
ತೂಕದ ಕಲ್ಲುಗಳಿಗೆ ಮುದ್ರೆ ಒತ್ತಿದವನು ನಾನು.
ಮಂಜೇಶ್ವರದಿಂದ ಚೆರ್ಕಳದವರೆಗೆ
ಮೀನಂಗಡಿ, ರೇಷನ್ ಅಂಗಡಿ,
ಚಿನ್ನದಂಗಡಿಯ ಗಾಜಿನ ಪೆಟ್ಟಿಗೆಯೊಳಗಿನ ಪುಟ್ಟ ತಕ್ಕಡಿ;
ಗುಲಗಂಜಿಯಷ್ಟು ಹೆಚ್ಚುಕಮ್ಮಿಯಾದರೂ ಕಣ್ಣಿಗೆ ಮುಳ್ಳು.
ಹಾಗಾಗಿ ಕುಂಬಳೆಯ ಮೂಸಕುಂಞಿಯ ಗಾಳದಂಗಡಿಯಲ್ಲಿ
ನೂಲಿನ ಡಬ್ಬಿಯ ಮೇಲೆ ‘ಎಂಟು ಕಿಲೋ’ ಎಂದು ಕಂಡಾಗ
ನಂಬಲಿಲ್ಲ.
ಅಚ್ಚಾದ ಅಂಕಿಯನ್ನು ನಂಬದಿರುವುದಕ್ಕೇ
ನನಗೆ ಸಂಬಳ ಕೊಡುತ್ತಿದ್ದರು.

ಗಲ್ಲಾಪೆಟ್ಟಿಗೆಯ ಹಿಂದೆ ಅವನ ಮೊಮ್ಮಗಳು ಸಫೂರ.
ಎಷ್ಟು ದೊಡ್ಡ ಮೀನು ಎಂದು ಕೇಳಲಿಲ್ಲ;
“ಎಲ್ಲಿ ನಿಂತು ಎಸೆಯುವುದು, ಮಾಷೇ?” ಎಂದಳು.
(ನಮ್ಮಲ್ಲಿ ಕನ್ನಡಕ ಇದ್ದವನೆಲ್ಲ ಮಾಷ್.)
ಶಿರಿಯ ಹೊಳೆ, ಹಳೇ ಸೇತುವೆಯಡಿ, ಇಳಿತದ ಹೊತ್ತಿಗೆ,
ಕುರುಡಿ ಮೀನಿಗೆ.
ಅವಳ ಬಾಯಲ್ಲಿ ಅದು ಕಾಳಾಂಜಿ;
ಬೆಲೆ ಮಾತ್ರ ಎರಡು ಭಾಷೆಯಲ್ಲೂ ಒಂದೇ.
“ಕಂಬಗಳ ನಡುವೆಯಾ? ಹಾಗಾದರೆ ಹದಿನೈದು.”
ಮತ್ತೆ ಬೆರಳುದ್ದದ ಹುಸಿಮೀನೊಂದನ್ನು ನನ್ನ ಅಂಗೈಗಿಟ್ಟು,
“ಇದು ಹಗುರ. ದಪ್ಪ ನೂಲಿಗೆ ಕಟ್ಟಿದರೆ ಈಜುವುದಿಲ್ಲ,
ಹಗ್ಗ ಹಾಕಿದ ಕರುವಿನ ಹಾಗೆ ಜಗ್ಗಿಕೊಂಡು ಬರುತ್ತದೆ.
ಹಾಗಾದರೆ ಎಂಟು.”
ಎರಡೂ ಸರಿಯೆಂದು ನಕ್ಕಳು.
ನನ್ನ ಇಲಾಖೆಯಲ್ಲಾದರೆ ಅದಕ್ಕೆ ದಂಡವಿತ್ತು.

ಎಂಟನ್ನೇ ತಂದು ಬಚ್ಚಲಿನ ಜಂತಿಗೆ ಬಿಗಿದೆ.
ನಿವೃತ್ತಿಯ ದಿನ ಬಿಟ್ಟುಬರಲಾರದೆ ಕೊಂಡ ಹಳೆಯ ಕಲ್ಲುಗಳು:
ಐದು, ಎರಡು, ಒಂದು, ಅರ್ಧ.
ಐದು ನಿಂತಿತು. ಆರೂ ನಿಂತಿತು.
ಏಳಕ್ಕೆ ಟಪ್ಪೆಂದು
ನೆಲದ ಗಾರೆ ಒಡೆಯಿತು.
ಅಡಿಗೆಮನೆಯಿಂದ ಹೆಂಡತಿ, “ಸಿಕ್ಕಿತಾ?” ಎಂದಳು.

ತುಂಡಾದದ್ದು ನೂಲಲ್ಲ, ಗಂಟು.
ಒಣಗಂಟು ಬಿಗಿಯುವಾಗ ತನ್ನನ್ನು ತಾನೇ ಸುಟ್ಟುಕೊಳ್ಳುತ್ತದೆ.
ಎಂಜಲು ಹಚ್ಚಿ, ಮೆಲ್ಲಗೆ ಎಳೆದು ಮತ್ತೆ ಕಟ್ಟಿದೆ.
ಏಳು ನಿಂತಿತು, ಏಳೂವರೆಯೂ.
ಎಂಟಕ್ಕೆ ನಾನೇ ಧೈರ್ಯ ಮಾಡಲಿಲ್ಲ.

ಸಂಜೆ ನೀರು ಸಮುದ್ರದ ಕಡೆ ತಿರುಗಿತು.
ಎಂಟರ ನೂಲಿನಲ್ಲಿ ಹುಸಿಮೀನು
ಎಷ್ಟು ಚಂದ ಸುಳ್ಳು ಹೇಳುತ್ತಿತ್ತೆಂದರೆ
ನನಗೇ ಹಸಿವಾಯಿತು.
ನಾಲ್ಕನೆಯ ಎಸೆತಕ್ಕೆ,
ಅಲ್ಲ, ಐದನೆಯದಕ್ಕೆ,
ಜಂತಿಯಲ್ಲಿ ಯಾವ ಕಲ್ಲೂ ಎಳೆಯದ ಹಾಗೆ ಎಳೆಯಿತು.
ಕಲ್ಲು ಕೆಳಕ್ಕೆ ಮಾತ್ರ ಎಳೆಯುತ್ತದೆ.
ಇದು ಪಕ್ಕಕ್ಕೆ, ಮೇಲಕ್ಕೆ, ಒಮ್ಮೆ ನನ್ನ ಕಡೆಗೇ.
ರೀಲು ಕಿರುಚಿತು. ಬಿಗಿ ಸಡಿಲಿಸಿದೆ.
ಅದು ಕಂಬದ ಹಿಂದಕ್ಕೆ ಸುತ್ತಿತು,
ಕಂಬದ ತುಂಬ ಮುರು.
ಆಮೇಲೆ ಕೋಲು ನೆಟ್ಟಗಾಯಿತು.

ಸೇತುವೆಯ ಮೇಲಿಂದ ಬಗ್ಗಿ ನೋಡಿದ ಅಂಬಾಡಿ
ಕೈಯಗಲಿಸಿ, “ಹನ್ನೆರಡು ಕಿಲೋ ಉಂಟು” ಎಂದ.
ಪಕ್ಕದವನು ಹದಿನಾಲ್ಕಕ್ಕೇರಿಸಿದ.
“ನೀವೇ ಹೇಳಿ ಮಾಷೇ, ತೂಕದವರು.”
ನೂಲಿನ ತುದಿ ಬೆರಳಲ್ಲಿ ಸವರಿದೆ: ಕೆರೆದು, ನಾರೆದ್ದಿತ್ತು.
ಎಳೆತಕ್ಕೆ ಹರಿದಿದ್ದರೆ
ಏಳೂವರೆಗಿಂತ ಮೇಲೆ ಎಂದಾದರೂ ಹೇಳಬಹುದಿತ್ತು.
ಇದು ಮುರುವಿನ ಅಂಚು ಕೊಯ್ದದ್ದು.
ಇಷ್ಟಕ್ಕೆ ಒಂದು ಕಿಲೋದ ಮೀನೂ ಸಾಕು.
“ಗೊತ್ತಿಲ್ಲ” ಎಂದೆ.
ಅವರಿಗೆ ಬೇಸರವಾಯಿತು. ನನಗೂ.

ಬೆಳಿಗ್ಗೆ ಸಫೂರ ಏನೂ ಕೇಳಲಿಲ್ಲ.
ಹದಿನೈದರ ಸುರುಳಿ ಬಿಚ್ಚಿ
ಒಂದು ಮಾರು ಅಳೆದು ಕತ್ತರಿಸಿದಳು.
“ಇದು ತುದಿಗೆ ಮಾತ್ರ. ಹಿಂದೆ ಎಂಟೇ ಇರಲಿ.”
ಅಳೆದದ್ದು ಚಾಚಿದ ತೋಳುಗಳಲ್ಲಿ,
ಯಾರೂ ಮುದ್ರೆ ಒತ್ತದ ತೋಳುಗಳಲ್ಲಿ.
ಸುಮ್ಮನೆ ದುಡ್ಡು ಕೊಟ್ಟೆ.